ಮದ್ರಸದ ಫೀಸು ಕಟ್ಟಿದರೆ ಮುಗಿಯಲಿಲ್ಲ

ಮಗುವನ್ನು ಮದ್ರಸಕ್ಕೆ ಸೇರಿಸಿದ ದಿನ ಮುಂಬಯಿಯ ಎಷ್ಟೋ ತಂದೆಯರ ಎದೆಯ ಭಾರ ಇಳಿದುಬಿಡುತ್ತದೆ. ಶಾಲೆಗೊಂದು ಫೀಸು, ಟ್ಯೂಷನ್ನಿಗೊಂದು ಫೀಸು, ದೀನಿಗೊಂದು, ಅಂದರೆ ಧರ್ಮದ ಪಾಠಕ್ಕೊಂದು, ಫೀಸು. ಮೂರನ್ನೂ ಕಟ್ಟಿಯಾಯಿತು, ಇನ್ನು ನನ್ನ ಪಾಲಿಗೆ ಉಳಿದದ್ದು ದುಡಿಮೆ ಎಂಬ ಲೆಕ್ಕ. ಪಾಪ, ಅವರನ್ನು ದೂರುವುದೂ ಕಷ್ಟ. ಮಸ್ಜಿದ್ ಬಂದರಿನ ಅಂಗಡಿಯಲ್ಲೋ ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆಯೋ ಕೂರುವವರು ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಮುಂಬ್ರಾದಲ್ಲೋ ಮೀರಾ ರೋಡಿನಲ್ಲೋ ಮರಳಿ ಇಳಿಯುವುದು ರಾತ್ರಿ ಹತ್ತಕ್ಕೆ. ಆ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ.

ಆದರೆ ಮಕ್ಕಳನ್ನು ಬೆಳೆಸುವ ಬಗ್ಗೆ ಇಸ್ಲಾಮಿನ ಮೂಲ ಆಕರಗಳಾದ ಕುರ್‌ಆನ್ ಮತ್ತು ಹದೀಸ್‌ಗಳಲ್ಲಿ (ಪ್ರವಾದಿಯವರ ನುಡಿ-ನಡೆಗಳ ವರದಿಗಳಲ್ಲಿ) ಏನಿದೆ ಎಂದು ಹುಡುಕಿ ಓದುತ್ತ ಹೋದರೆ ನನಗೆ ಮತ್ತೆ ಮತ್ತೆ ಕಾಣುವುದು ಇದು: ಅಲ್ಲಿನ ಮಾತು ಮಕ್ಕಳ ಕಡೆಗಿಂತ ಹೆತ್ತವರ ಕಡೆಗೇ ಹೆಚ್ಚಾಗಿ ತಿರುಗಿದೆ. ಮಗು ಹೇಗಿರಬೇಕು ಎಂಬುದಕ್ಕಿಂತ ಮಗುವಿನ ಎದುರು ನೀವು ಹೇಗಿದ್ದೀರಿ ಎಂಬ ಪ್ರಶ್ನೆಯೇ ದೊಡ್ಡದು. ಮದ್ರಸಕ್ಕೆ ವಹಿಸಿಕೊಡಬಹುದಾದ ಭಾಗ ನಾವು ಅಂದುಕೊಂಡದ್ದಕ್ಕಿಂತ ತೀರಾ ಚಿಕ್ಕದು.

ತರಬಿಯ್ಯತ್ ಎಂದು ನಮ್ಮ ಬ್ಯಾರಿಗಳೂ, ದಖನಿ ಮಾತಾಡುವ ವಿಜಯಪುರ, ಕಲಬುರಗಿಯವರೂ ಕರೆಯುವುದು ನಂಬಿಕೆ, ಆರಾಧನೆ, ನಡತೆ ಈ ಮೂರನ್ನೂ ಒಟ್ಟಿಗೆ ಬೆಳೆಸುವ ಕೆಲಸವನ್ನು. ಅದರ ಬುಡದಲ್ಲಿರುವ ಕಲ್ಪನೆ ಅಮಾನತ್‌ನದು. ಮಗು ಹೆತ್ತವರ ಆಸ್ತಿಯಲ್ಲ. ಅಲ್ಲಾಹನು ನಂಬಿ ಒಪ್ಪಿಸಿದ್ದು, ಒಂದು ದಿನ ಲೆಕ್ಕ ಕೊಡಬೇಕಾದದ್ದು. ಪ್ರವಾದಿ ಮುಹಮ್ಮದರ(ಸ: ಅವರ ಮೇಲೆ ಶಾಂತಿ ಇರಲಿ) ಪ್ರಸಿದ್ಧ ವಚನವೊಂದು ಬುಖಾರಿ ಮತ್ತು ಮುಸ್ಲಿಮ್ ಎಂಬ ಹದೀಸ್ ಸಂಗ್ರಹಗಳೆರಡರಲ್ಲೂ ಇದೆ: ನಿಮ್ಮಲ್ಲಿ ಪ್ರತಿಯೊಬ್ಬರೂ ಹಿಂಡು ಕಾಯುವವರು, ಪ್ರತಿಯೊಬ್ಬರನ್ನೂ ಅವರವರ ಹಿಂಡಿನ ಬಗ್ಗೆ ಕೇಳಲಾಗುವುದು. ಆ ವಚನ ಗಂಡಸನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ, ಹೆಂಗಸನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. 'ಅದೆಲ್ಲ ಅವಳ ಇಲಾಖೆ' ಎಂದು ಜಾರಿಕೊಳ್ಳಲು ದಾರಿ ಬಿಟ್ಟಿಲ್ಲ. ಪ್ರತಿ ಮಗುವೂ ಶುದ್ಧ ಪ್ರಕೃತಿಯಲ್ಲೇ ಹುಟ್ಟುತ್ತದೆ, ಅದನ್ನು ಒಂದು ಅಚ್ಚಿಗೆ ಒಗ್ಗಿಸುವವರು ಹೆತ್ತವರು ಎಂಬ ಇನ್ನೊಂದು ಹದೀಸ್ ಕೂಡ ಬೊಟ್ಟು ಮಾಡುವುದು ಅತ್ತಲೇ.

ಕುರ್‌ಆನಿನ 20ನೇ ಅಧ್ಯಾಯದ 132ನೇ ವಚನವನ್ನು ಗಮನಿಸಿ. ನಿನ್ನ ಮನೆಯವರಿಗೆ ನಮಾಝ್ ಮಾಡಲು ಹೇಳು ಎಂದು ಆರಂಭವಾಗಿ, ಉಸಿರು ತೆಗೆದುಕೊಳ್ಳುವ ಮೊದಲೇ, ನೀನೂ ಅದರಲ್ಲಿ ಗಟ್ಟಿಯಾಗಿ ನಿಲ್ಲು ಎನ್ನುತ್ತದೆ. ನಾವು ಮೊದಲರ್ಧವನ್ನು ಮಾತ್ರ ಜೋರಾಗಿ ಹೇಳುತ್ತೇವೆ. ಟಿ.ವಿ.ಯ ಮುಂದೆ ಕಾಲು ಚಾಚಿ ಕುಳಿತು 'ಏಳು, ಮಗ್‌ರಿಬ್ ಆಯಿತು, ನಮಾಝಿಗೆ ಹೋಗು' ಎಂದು ಮಗನನ್ನು ಎಬ್ಬಿಸುವ ಅಪ್ಪ ಈ ವಚನದ ಅರ್ಧವನ್ನು ಮಾತ್ರ ಓದಿದ್ದಾನೆ.

ಅರ್ಧ ಟಿಕೆಟಿನ ನೀತಿ

ಪ್ರವಾದಿಯವರ(ಸ) ಕಾಲದ ಒಂದು ಸಣ್ಣ ಪ್ರಸಂಗ ಅಬೂದಾವೂದ್ ಸಂಗ್ರಹದಲ್ಲಿದೆ. ಒಬ್ಬ ತಾಯಿ ತನ್ನ ಪುಟ್ಟ ಮಗನನ್ನು 'ಬಾ, ನಿನಗೊಂದು ಕೊಡುತ್ತೇನೆ' ಎಂದು ಕರೆಯುತ್ತಾಳೆ. ಅಲ್ಲೇ ಕುಳಿತಿದ್ದ ಪ್ರವಾದಿಯವರು 'ಏನು ಕೊಡಬೇಕೆಂದಿದ್ದೆ?' ಎಂದು ಕೇಳುತ್ತಾರೆ. 'ಖರ್ಜೂರ' ಎನ್ನುತ್ತಾಳೆ. 'ಏನನ್ನೂ ಕೊಡದೆ ಇದ್ದಿದ್ದರೆ ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು' ಎನ್ನುತ್ತಾರೆ. ಮಗುವಿಗೆ ಹೇಳಿದ ಸುಳ್ಳೂ ಸುಳ್ಳೇ. ಆಟಕ್ಕೆ ಹೇಳಿದ್ದು, ಸಮಾಧಾನಕ್ಕೆ ಹೇಳಿದ್ದು ಎಂಬ ವಿನಾಯಿತಿ ಇಲ್ಲ.

ಇದನ್ನು ಓದುವಾಗಲೆಲ್ಲ ನನಗೆ ರೈಲ್ವೆ ಟಿಕೆಟ್ ಕಿಟಕಿ ನೆನಪಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ. ಹಾಗಾಗಿ ನಮ್ಮ ಊರಿನಲ್ಲಿ ಕೆಲವು ಮಕ್ಕಳಿಗೆ ಎರಡೆರಡು ವಯಸ್ಸು. ಮನೆಯಲ್ಲಿ 'ಏಳು ತುಂಬಿತು, ಇನ್ನು ನಮಾಝ್ ಬಿಡಬಾರದು' ಎನಿಸಿಕೊಂಡ ಹುಡುಗ ಕುರ್ಲಾ ಸ್ಟೇಷನ್ನಿನ ಕಿಟಕಿಯ ಮುಂದೆ ನಾಲ್ಕೂವರೆಯವನಾಗುತ್ತಾನೆ. ಅವನು ಬಾಯಿ ತೆರೆಯದಂತೆ ಅಮ್ಮ ಕೈ ಒತ್ತುತ್ತಾಳೆ. ಉಳಿಸಿದ್ದು ಹತ್ತು ರೂಪಾಯಿಯೂ ಇರದು. ಆದರೆ ಸತ್ಯ ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂಬ ಪಾಠವನ್ನು ಆ ಹುಡುಗ ಅಲ್ಲಿ ಪೂರ್ತಿಯಾಗಿ ಕಲಿತಿರುತ್ತಾನೆ. ಅದನ್ನು ಅಳಿಸಲು ಮದ್ರಸದಲ್ಲಿ ಕಲಿಸುವ ಯಾವ ಉಸ್ತಾದರಿಂದಲೂ ಆಗುವುದಿಲ್ಲ.

ಸಂಪಾದನೆಯ ವಿಷಯವೂ ಹೀಗೆಯೇ. ಮಗುವಿನ ತಟ್ಟೆಗೆ ಬರುವ ಅನ್ನ ಹಲಾಲ್ (ಧರ್ಮಸಮ್ಮತ) ದುಡಿಮೆಯದ್ದೇ ಎಂಬ ಪ್ರಶ್ನೆಯನ್ನು ಶಿಕ್ಷಣದ ಪ್ರಶ್ನೆಯೆಂದೇ ಹಿಂದಿನ ವಿದ್ವಾಂಸರು ಪರಿಗಣಿಸಿದ್ದರು. ತೂಕದಲ್ಲಿ ಕದ್ದ ದುಡ್ಡಿನಿಂದ ಮದ್ರಸದ ಫೀಸು ಕಟ್ಟಿದರೆ ಆ ಫೀಸು ಯಾವುದಕ್ಕೆ ಸಂದಿತು ಎಂದು ಯಾರಾದರೂ ಹೇಳಬಲ್ಲರೇ?

ಲುಕ್ಮಾನ್ ಕಾರಣ ಹೇಳುತ್ತಾನೆ

ಮಗುವಿನ ಜೊತೆ ಮಾತಾಡುವ ಬಗೆಗೆ ಕುರ್‌ಆನ್ ಒಂದು ಮಾದರಿಯನ್ನೇ ಮುಂದಿಟ್ಟಿದೆ. 31ನೇ ಅಧ್ಯಾಯದ ಹೆಸರೇ ಲುಕ್ಮಾನ್. ಹೆಚ್ಚಿನ ವಿದ್ವಾಂಸರ ಪ್ರಕಾರ ಲುಕ್ಮಾನ್ ಪ್ರವಾದಿಯಲ್ಲ, ಜ್ಞಾನಿ. ಅಲ್ಲಿ ನಾವು ಕೇಳುವುದು ಒಬ್ಬ ತಂದೆ ಮಗನನ್ನು ಮುದ್ದಿನಿಂದ ಕರೆದು ಆಡುವ ಮಾತು. ದೇವನಿಗೆ ಯಾರನ್ನೂ ಸರಿಸಮ ಮಾಡಬೇಡ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಸಾಸಿವೆ ಕಾಳಿನಷ್ಟು ಕೆಲಸವಾದರೂ, ಅದು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನು ಎನ್ನುತ್ತಾನೆ. ನಮಾಝ್, ಒಳಿತಿನ ಪ್ರೇರಣೆ, ಸಹನೆ ಬರುತ್ತವೆ. ಕೊನೆಗೆ ಮಾತು ಬೀದಿಗೆ ಇಳಿಯುತ್ತದೆ: ಜನರ ಮುಂದೆ ಮುಖ ತಿರುಗಿಸಬೇಡ, ಸೊಕ್ಕಿನಿಂದ ನಡೆಯಬೇಡ, ದನಿ ತಗ್ಗಿಸು.

ಈ ಭಾಗವನ್ನು ಉಪದೇಶಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುವವರು ಬಹಳ. ಆದರೆ ಲುಕ್ಮಾನನ ಹೆಚ್ಚಿನ ಸೂಚನೆಗಳಿಗೆ ಒಂದು ಕಾರಣವೂ ಅಂಟಿಕೊಂಡಿದೆ. ಸರಿಸಮ ಮಾಡಬೇಡ, ಏಕೆಂದರೆ ಅದು ದೊಡ್ಡ ಅನ್ಯಾಯ. ಸೊಕ್ಕಬೇಡ, ಏಕೆಂದರೆ ಜಂಭ ಕೊಚ್ಚುವವರನ್ನು ಅಲ್ಲಾಹನು ಮೆಚ್ಚುವುದಿಲ್ಲ. ದನಿ ತಗ್ಗಿಸು, ಏಕೆಂದರೆ ದನಿಗಳಲ್ಲೆಲ್ಲ ಕರ್ಕಶವಾದದ್ದು ಕತ್ತೆಯದು. ಈ ಕೊನೆಯ ಮಾತಿಗೆ ಮಗು ನಕ್ಕೇ ನಗುತ್ತದೆ, ನಗಲಿ. ನಮ್ಮ ಮನೆಗಳಲ್ಲಿ ಕಾರಣದ ಜಾಗವನ್ನು 'ಹರಾಮ್' (ನಿಷಿದ್ಧ) ಎಂಬ ಒಂದೇ ಪದ ಆಕ್ರಮಿಸಿಕೊಂಡಿದೆ. ಮೊಬೈಲ್ ಹೆಚ್ಚು ನೋಡಿದರೂ ಹರಾಮ್, ಊಟ ಬಿಟ್ಟರೂ ಹರಾಮ್, ಮಾವನಿಗೆ ಎದುರು ಮಾತಾಡಿದರೂ ಹರಾಮ್. ಶರೀಅತ್‌ನಲ್ಲಿ ಬಹಳ ಎಚ್ಚರಿಕೆಯಿಂದ ಬಳಸಬೇಕಾದ ಪದವನ್ನು ಹೀಗೆ ಚಿಲ್ಲರೆ ಮಾಡಿದರೆ, ಹದಿನೈದರ ವಯಸ್ಸಿನಲ್ಲಿ ನಿಜವಾದ ಹರಾಮ್ ಎದುರಾದಾಗ ಆ ಪದದಲ್ಲಿ ಭಾರವೇ ಉಳಿದಿರುವುದಿಲ್ಲ.

ಏಳಕ್ಕೂ ಹತ್ತಕ್ಕೂ ನಡುವೆ

ನಮಾಝಿನ ವಿಷಯದಲ್ಲಿ ಅತಿ ಹೆಚ್ಚು ಉದ್ಧರಿಸಲಾಗುವ, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಹದೀಸ್ ಇದು: ಮಕ್ಕಳಿಗೆ ಏಳು ವರ್ಷವಾದಾಗ ನಮಾಝಿಗೆ ಹೇಳಿ, ಹತ್ತಾದಾಗ ಅದಕ್ಕಾಗಿ ಹೊಡೆಯಿರಿ, ಅವರ ಹಾಸಿಗೆಗಳನ್ನು ಬೇರೆ ಮಾಡಿ.

ಮೊದಲಿಗೆ ನೆನಪಿಡಬೇಕಾದದ್ದು, ಪ್ರಾಯಕ್ಕೆ ಬರುವ ತನಕ ಮಗುವಿನ ಮೇಲೆ ನಮಾಝ್ ಕಡ್ಡಾಯವೇ ಅಲ್ಲ. ಮಲಗಿದವನು ಏಳುವವರೆಗೆ, ಮಗು ಬೆಳೆಯುವವರೆಗೆ, ಬುದ್ಧಿ ಸ್ಥಿಮಿತ ತಪ್ಪಿದವನು ಸರಿಯಾಗುವವರೆಗೆ ಲೇಖನಿ ಎತ್ತಲ್ಪಟ್ಟಿದೆ, ಅಂದರೆ ಅವರ ತಪ್ಪು ಬರೆಯಲ್ಪಡುವುದಿಲ್ಲ, ಎಂಬುದು ಇನ್ನೊಂದು ಹದೀಸ್. ಅಂದರೆ ಏಳರಿಂದ ಮುಂದಿನದು ಅಭ್ಯಾಸದ ಕಾಲ. ಈ ಅವಧಿಯಲ್ಲಿ ಜವಾಬ್ದಾರಿ ಇರುವುದು ಹೇಳುವವರ ಮೇಲೆ. ಏಳರಿಂದ ಹತ್ತರವರೆಗೆ ಮೂರು ವರ್ಷ, ದಿನಕ್ಕೆ ಐದು ಹೊತ್ತು. ಲೆಕ್ಕ ಹಾಕಿ, 5,475 ಸಲ. ಅಷ್ಟು ಸಲ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ವುಝೂ (ನಮಾಝಿಗೆ ಮೊದಲು ಕೈಕಾಲು, ಮುಖ ತೊಳೆಯುವುದು) ಮಾಡುವಾಗ ಮೊಣಕೈ ನೆನೆಯಿತೇ ಎಂದು ನೋಡಿದ ತಂದೆಗೆ ಹತ್ತನೇ ವರ್ಷದಲ್ಲಿ ಕೋಲು ಹುಡುಕುವ ಪ್ರಸಂಗವೇ ಬರುವುದು ಅಪರೂಪ. ಕೋಲಿನ ಮಾತನ್ನು ಉದ್ಧರಿಸುವವರು ಸಾಮಾನ್ಯವಾಗಿ ಈ ಮೂರು ವರ್ಷವನ್ನು ಹಾರಿಸಿ ಬಂದವರು.

ಇನ್ನು ಹೊಡೆತ. ಮುಖಕ್ಕೆ ಹೊಡೆಯುವಂತಿಲ್ಲ, ಗಾಯವಾಗುವಂತಿಲ್ಲ, ಸಿಟ್ಟು ತೀರಿಸಿಕೊಳ್ಳಲು ಹೊಡೆಯುವಂತಿಲ್ಲ, ಪ್ರಯೋಜನವಿಲ್ಲ ಎಂದು ಗೊತ್ತಿದ್ದರೆ ಹೊಡೆಯುವಂತೆಯೇ ಇಲ್ಲ ಎಂದು ಧರ್ಮಶಾಸ್ತ್ರಜ್ಞರು ಈ ಮಾತಿಗೆ ಸುತ್ತ ಬೇಲಿ ಕಟ್ಟಿದ್ದಾರೆ. ಪ್ರವಾದಿಯವರು ತಮ್ಮ ಕೈಯಿಂದ ಯಾವ ಹೆಂಗಸನ್ನೂ ಯಾವ ಸೇವಕನನ್ನೂ ಹೊಡೆದವರಲ್ಲ ಎಂದು ಅವರ ಪತ್ನಿ ಹಝ್ರತ್ ಆಯಿಶಾ ಹೇಳಿದ್ದು ಮುಸ್ಲಿಮ್ ಸಂಗ್ರಹದಲ್ಲಿದೆ. ಬಾಲಕನಾಗಿ ಬಂದು ಹತ್ತು ವರ್ಷ ಅವರ ಮನೆಯಲ್ಲಿದ್ದ ಅನಸ್ ಅವರು, 'ಒಮ್ಮೆಯೂ ನನಗೆ ಛೆ ಎನ್ನಲಿಲ್ಲ, ಇದನ್ನು ಯಾಕೆ ಮಾಡಿದೆ ಎನ್ನಲಿಲ್ಲ' ಎಂದು ನೆನೆದಿದ್ದಾರೆ. ಇವೆಲ್ಲವನ್ನೂ ಪಕ್ಕಕ್ಕಿಟ್ಟು ಒಂದು ವಾಕ್ಯವನ್ನು ಮಾತ್ರ ಹಿಡಿದು ಬೆತ್ತ ಎತ್ತುವುದು ಧರ್ಮನಿಷ್ಠೆಯಲ್ಲ, ಆಯ್ಕೆ ಮಾಡಿಕೊಂಡ ಓದು. ನಾವಿರುವ ದೇಶದ ಕಾನೂನೂ ಇದೆ: 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ತನ್ನ ವಶದಲ್ಲಿರುವ ಮಗುವನ್ನು ಕ್ರೂರವಾಗಿ ನಡೆಸಿಕೊಳ್ಳುವುದು ಶಿಕ್ಷಾರ್ಹ ಅಪರಾಧ, ಅದನ್ನು ಮಾಡಿದವರು ಮನೆಯವರೇ ಆಗಿದ್ದರೂ.

ಹಾಸಿಗೆ ಬೇರೆ ಮಾಡಿ ಎಂಬ ಮಾತು ಮುಂಬಯಿಯಲ್ಲಿ ಓದಿದರೆ ನಗು ಬರಬಹುದು. ಹತ್ತಡಿ ಹನ್ನೆರಡಡಿಯ ಖೋಲಿ, ಮೇಲೊಂದು ಅಟ್ಟ, ಆರು ಜನ. ಎಲ್ಲಿ ಬೇರೆ ಮಾಡುವುದು? ಆದರೆ ಅಲ್ಲಿ ಹೇಳಿದ್ದು ಕೋಣೆಯ ಮಾತಲ್ಲ, ಹಾಸಿಗೆಯ ಮಾತು. ಎರಡು ಚಾಪೆ, ಎರಡು ಹೊದಿಕೆ, ನಡುವೆ ಒಂದು ದಿಂಬು ಇದ್ದರೂ ಸಾಕು ಎಂದು ಅಟ್ಟದ ಮನೆಗಳ ತಾಯಂದಿರು ಎಂದೋ ಕಂಡುಕೊಂಡಿದ್ದಾರೆ. ಕುರ್‌ಆನಿನ 24ನೇ ಅಧ್ಯಾಯದಲ್ಲಿ ಇದಕ್ಕೆ ಹೊಂದುವ ಇನ್ನೊಂದು ಸೂಚನೆ ಇದೆ: ಬೆಳಗಿನ ನಮಾಝಿಗೆ ಮೊದಲು, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವಾಗ, ರಾತ್ರಿಯ ನಮಾಝಿನ ನಂತರ, ಈ ಮೂರು ಹೊತ್ತಿನಲ್ಲಿ ಪ್ರಾಯಕ್ಕೆ ಬಾರದ ಮಕ್ಕಳೂ ಹಿರಿಯರ ಬಳಿ ಬರುವ ಮೊದಲು ಅನುಮತಿ ಕೇಳಬೇಕು. ದೊಡ್ಡವರಾದ ಮೇಲೆ ಎಲ್ಲ ಹೊತ್ತಿನಲ್ಲೂ ಕೇಳಬೇಕು. ಬಾಗಿಲೇ ಇಲ್ಲದ ಮನೆಯಲ್ಲಿ ಪರದೆಯ ಆಚೆ ನಿಂತು 'ಅಮ್ಮಾ, ಬರಲೇ?' ಎಂದು ಕೇಳುವ ಐದು ವರ್ಷದ ಹುಡುಗಿಯನ್ನು ನಾನು ನೋಡಿದ್ದೇನೆ. ಪರದೆ ಎಂದರೆ ಹಳೆಯ ಸೀರೆಯ ಅರ್ಧ ತುಂಡು, ಹಗ್ಗಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಸಿಕ್ಕಿಸಿದ್ದು. ಮೈಗೆ, ಮನೆಗೆ ಒಂದು ಮಿತಿ ಇದೆ, ಅದನ್ನು ದಾಟುವ ಮೊದಲು ಕೇಳಬೇಕು ಎಂದು ಕಲಿತ ಮಗು, ತನ್ನ ಮೈಯ ಮಿತಿಯನ್ನು ಇನ್ನೊಬ್ಬರು ದಾಟಿದಾಗ ಅದು ತಪ್ಪೆಂದು ಗುರುತಿಸಬಲ್ಲದು, ಬಂದು ಹೇಳಬಲ್ಲದು. ಈ ಪಾಠಕ್ಕೆ ನಾಚಿಕೆಯ ಹೆಸರು ಹೇಳಿ ಮೌನವಾಗಿರುವ ಹೆತ್ತವರು ಮಗುವಿನ ಕೈಯಿಂದ ಒಂದು ರಕ್ಷಣೆಯನ್ನು ಕಸಿಯುತ್ತಾರೆ.

ಉಣ್ಣೆಯ ಆಟಿಕೆ

ಅಖ್ರಾ ಬಿನ್ ಹಾಬಿಸ್ ಎಂಬ ಬುಡಕಟ್ಟಿನ ನಾಯಕ, ಪ್ರವಾದಿಯವರು ಮೊಮ್ಮಗನಿಗೆ ಮುತ್ತಿಡುವುದನ್ನು ಕಂಡು, 'ನನಗೆ ಹತ್ತು ಮಕ್ಕಳಿದ್ದಾರೆ, ಒಬ್ಬರಿಗೂ ಮುತ್ತಿಟ್ಟವನಲ್ಲ' ಎಂದ. ದೊಡ್ಡಸ್ತಿಕೆಯೆಂದೇ ಹೇಳಿರಬೇಕು. 'ಕರುಣೆ ತೋರದವನಿಗೆ ಕರುಣೆ ಸಿಗದು' ಎಂಬ ಉತ್ತರ ಬಂತು. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ಅವರು ನಮಾಝ್ ಮಾಡಿದ್ದರು. ಸಾಷ್ಟಾಂಗಕ್ಕೆ ಬಾಗುವಾಗ ಕೆಳಗಿಳಿಸಿ, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಮಗು ಅತ್ತರೆ ತಾಯಿಗೆ ಕಷ್ಟವಾದೀತೆಂದು ನಮಾಝನ್ನು ಚುಟುಕಾಗಿಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮಸೀದಿಗಳಲ್ಲಿ ಒಂದು ಮಗು ಕಿಸಕ್ಕೆಂದರೆ ನಮಾಝಿನ ಕೊನೆಯ ಸಲಾಂ ಮುಗಿಯುವುದನ್ನೇ ಕಾದು ಗದರುವ ಹಿರಿಯರಿಗೆ ಕೊರತೆಯಿಲ್ಲ. ಮಸೀದಿಯ ಬಗ್ಗೆ ಮಗುವಿನ ಮೊದಲ ನೆನಪು ಬೈಗುಳವಾದರೆ, ಇಪ್ಪತ್ತರ ಹರೆಯದಲ್ಲಿ ಅದು ಅಲ್ಲಿಗೆ ಬಾರದಿರುವುದಕ್ಕೆ ಮೊಬೈಲನ್ನು ದೂರುವುದು ನ್ಯಾಯವಲ್ಲ.

ಪ್ರಸಿದ್ಧ ಧರ್ಮವಿದ್ವಾಂಸ ಇಮಾಮ್ ಗಝಾಲಿ (1058–1111) 'ಇಹ್ಯಾ ಉಲೂಮುದ್ದೀನ್' ಕೃತಿಯಲ್ಲಿ ಮಕ್ಕಳ ತರಬೇತಿಗೆ ಒಂದು ಭಾಗವನ್ನೇ ಮೀಸಲಿಟ್ಟರು. ಮಗುವಿನ ಹೃದಯ ಏನನ್ನೂ ಕೆತ್ತದ ಅಮೂಲ್ಯ ರತ್ನ ಎಂದ ಅವರೇ, ಪಾಠಶಾಲೆಯಿಂದ ಬಂದ ಮಗುವಿಗೆ ಆಡಲು ಬಿಡಿ, ಆಟ ತಡೆದು ಸದಾ ಕಲಿಕೆಗೆ ನೂಕಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂದೂ ಬರೆದರು. ಒಂಬತ್ತು ಶತಮಾನಗಳ ಹಿಂದಿನ ಮಾತು. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಟ್ಯೂಷನ್, ಸಂಜೆ ಮದ್ರಸ, ರಾತ್ರಿ ಹೋಂವರ್ಕ್ ಎಂದು ನಮ್ಮ ಮಕ್ಕಳ ದಿನವನ್ನು ತುಂಬಿಟ್ಟಿರುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಉಪವಾಸದ ವಿಷಯದಲ್ಲೂ ಹಿಂದಿನವರ ಜಾಣತನ ನೋಡಿ. ಮದೀನಾದ ಸಹಾಬಿಯಾ (ಪ್ರವಾದಿಯವರ ನೇರ ಅನುಯಾಯಿ ಮಹಿಳೆ) ರುಬಯ್ಯಿಅ್ ಬಿಂತ್ ಮುಅವ್ವಿಝ್ ಹೇಳುತ್ತಾರೆ: ಆಶೂರಾ (ಮುಹರ್ರಮ್ ತಿಂಗಳ ಹತ್ತನೇ ದಿನ) ಉಪವಾಸದಂದು ನಾವು ನಮ್ಮ ಮಕ್ಕಳಿಗೂ ಉಪವಾಸ ಮಾಡಿಸುತ್ತಿದ್ದೆವು, ಅವರಿಗಾಗಿ ಉಣ್ಣೆಯ ಆಟಿಕೆ ಮಾಡಿಡುತ್ತಿದ್ದೆವು, ಹಸಿವೆಂದು ಅತ್ತರೆ ಇಫ್ತಾರಿನವರೆಗೆ ಅದನ್ನು ಕೊಟ್ಟು ಸಂತೈಸುತ್ತಿದ್ದೆವು. ಕಡ್ಡಾಯವಲ್ಲದ ಒಂದು ಅಭ್ಯಾಸಕ್ಕಾಗಿ ಅಮ್ಮಂದಿರು ಕುಳಿತು ಆಟಿಕೆ ಮಾಡಿದ್ದಾರೆ! ಮುಂಬಯಿಯಲ್ಲಿ ಮೊದಲ ರೋಝಾ ಹಿಡಿದ ಮಗುವಿಗೆ ಹೂಮಾಲೆ ಹಾಕಿ, ನೆಂಟರನ್ನು ಕರೆದು ರೋಝಾ ಕುಶಾಯಿ ಮಾಡುವುದು ರೂಢಿ. ಒಳ್ಳೆಯದೇ. ಆದರೆ ಹಾಲ್ ಬುಕ್ ಆಗಿದೆ, ಫೋಟೋದವನು ಬಂದಿದ್ದಾನೆ ಎಂಬ ಕಾರಣಕ್ಕೆ ಏಪ್ರಿಲ್ ಸೆಖೆಯಲ್ಲಿ ತಲೆ ತಿರುಗುತ್ತಿರುವ ಎಂಟು ವರ್ಷದವನಿಗೆ ನೀರು ಕೊಡದಿರುವುದು ಯಾರ ಉಪವಾಸ? ಮಗುವಿನದಂತೂ ಅಲ್ಲ.

ಬಶೀರನ ಉಡುಗೊರೆ

ನುಅ್‌ಮಾನ್ ಬಿನ್ ಬಶೀರ್ ಚಿಕ್ಕವನಿದ್ದಾಗ ಅವನ ತಂದೆ ಬಶೀರ್ ಅವನಿಗೊಂದು ಉಡುಗೊರೆ ಕೊಟ್ಟರು. ತಾಯಿ ಅಮ್ರಾ, 'ಪ್ರವಾದಿಯವರನ್ನು ಸಾಕ್ಷಿ ಮಾಡುವ ತನಕ ನನಗೆ ಒಪ್ಪಿಗೆಯಿಲ್ಲ' ಎಂದು ಹಟ ಹಿಡಿದಳು. ಬಶೀರ್ ಹೋದರು. 'ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ?' ಎಂಬ ಪ್ರಶ್ನೆ ಬಂತು. ಇಲ್ಲ. 'ಅಲ್ಲಾಹನನ್ನು ಭಯಪಡಿ, ನಿಮ್ಮ ಮಕ್ಕಳ ನಡುವೆ ನ್ಯಾಯ ಪಾಲಿಸಿ' ಎಂದರು ಪ್ರವಾದಿ. ಬಶೀರ್ ಉಡುಗೊರೆಯನ್ನು ವಾಪಸ್ ಪಡೆದರು.

ಉತ್ತರಾಧಿಕಾರದ ಪಾಲು ಬೇರೆ ವಿಷಯ, ಅದು ಸಾವಿನ ನಂತರದ ಲೆಕ್ಕ. ಬದುಕಿರುವಾಗ ಕೊಡುವುದರಲ್ಲಿ ಗಂಡಿಗೂ ಹೆಣ್ಣಿಗೂ ಸಮ ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಿರುವಾಗ ಮಗನಿಗೆ ದುಬಾರಿ ಇಂಗ್ಲಿಷ್ ಶಾಲೆ, ಮಗಳಿಗೆ ಹತ್ತಿರದ್ದು ಯಾವುದೋ ಒಂದು; ಮಗನ ತಟ್ಟೆಗೆ ಮೊದಲ ತುಂಡು, ಮಗಳ ಕೈಗೆ ಪಾತ್ರೆ ತೊಳೆಯುವ ನಾರು ಎಂಬ ವ್ಯವಸ್ಥೆಯನ್ನು ದೀನಿನ ಹೆಸರಿನಲ್ಲಿ ನಡೆಸುವುದು ಹೇಗೆ ಎಂದು ನನಗೆ ಅರ್ಥವಾಗಿಲ್ಲ. ಅದು ಊರಿನಿಂದ ಟ್ರಂಕಿನಲ್ಲಿ ತಂದ ರೂಢಿ. ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಹೆಸರು ಸರಿಯಾಗಿ ಹೇಳಿ.

ಹಾಗಾದರೆ ಮದ್ರಸದ ಪಾಲೇನು?

ಚಿಕ್ಕದಾದರೂ ಮುಖ್ಯವಾದದ್ದೇ. ಅರಬ್ಬಿ ಅಕ್ಷರ, ಕುರ್‌ಆನಿನ ಸರಿಯಾದ ಉಚ್ಚಾರ, ನಮಾಝಿನ ವಿಧಿ, ನಿತ್ಯದ ದುಆ(ಪ್ರಾರ್ಥನೆ)ಗಳನ್ನು ಉಸ್ತಾದರು ಹೇಳಿಕೊಟ್ಟಂತೆ ನಾವು ಹೇಳಿಕೊಡಲಾರೆವು. ಆದರೆ ಮುಂಬಯಿಯ ಕನ್ನಡಿಗ ಮುಸ್ಲಿಮ್ ಮಗುವಿನ ಸ್ಥಿತಿಯನ್ನು ಒಮ್ಮೆ ಯೋಚಿಸಿ. ಓದುವುದು ಅರಬ್ಬಿ, ಮದ್ರಸದಲ್ಲಿ ವಿವರಣೆ ಉರ್ದು, ಶಾಲೆ ಇಂಗ್ಲಿಷ್ ಅಥವಾ ಮರಾಠಿ, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಬ್ಯಾರಿ ಅಥವಾ ದಖನಿ ಅಥವಾ ಕನ್ನಡ. ಸೂರಃ (ಅಧ್ಯಾಯ) ಬಾಯಿಗೆ ಬರುತ್ತದೆ, ಅರ್ಥ ಈ ಐದು ಭಾಷೆಗಳ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಅದನ್ನು ಹೆಕ್ಕಿಕೊಡುವ ಕೆಲಸ ಮನೆಯದು. ಕುರ್‌ಆನಿನ ಕನ್ನಡ ಅನುವಾದಗಳು ಸಿಗುತ್ತವೆ. ಊರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿದ ತಾಯಿಯೂ ರಾತ್ರಿ ಮಲಗುವ ಮುಂಚೆ, ಇಂದು ನೀನು ಕಲಿತ 'ಅಲ್ ಮಾಊನ್' ಅಧ್ಯಾಯ ಅನಾಥನನ್ನು ತಳ್ಳಿಹಾಕುವವನ ಬಗ್ಗೆ, ನೆರೆಯವರಿಗೆ ಸಣ್ಣಪುಟ್ಟ ಸಾಮಾನೂ ಕೊಡದವನ ಬಗ್ಗೆ ಹೇಳುತ್ತದೆ ಮಗಾ ಎಂದು ತನ್ನ ಮನೆಮಾತಿನಲ್ಲಿ ಹೇಳಬಲ್ಲಳು. ಅದಕ್ಕೆ ಬಿರುದು ಬೇಕಿಲ್ಲ.

ಇನ್ನೊಂದು ಗೋಜಲು ಧರ್ಮಶಾಸ್ತ್ರದ ಪಂಥಗಳಾದ ಮದ್ಹಬ್‌ಗಳದ್ದು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ. ಇಲ್ಲಿನ ಕೊಂಕಣಿ ಮುಸ್ಲಿಮರೂ ಶಾಫಿಈಗಳೇ. ಉತ್ತರ ಕರ್ನಾಟಕದಿಂದ ಬಂದವರು ಹೆಚ್ಚಾಗಿ ಹನಫಿ. ಅಸರ್ (ಇಳಿಹಗಲಿನ) ನಮಾಝಿನ ಹೊತ್ತು ಶಾಫಿಈ ಮಸೀದಿಯಲ್ಲಿ ಮೊದಲೇ ಆಗುತ್ತದೆ, ಹನಫಿ ಮಸೀದಿಯಲ್ಲಿ ತಡವಾಗಿ. ಅಪ್ಪ ನಮಾಝಿನಲ್ಲಿ ರುಕೂಗೆ ಬಾಗುವಾಗ ಕೈ ಎತ್ತುತ್ತಾರೆ, ಮದ್ರಸದಲ್ಲಿ ಕಲಿಸಿದ್ದು ಎತ್ತಬಾರದು ಎಂದು. ಮಗು ಗೊಂದಲಕ್ಕೆ ಬಿದ್ದು ಬಂದು ಕೇಳಿದಾಗ 'ಅವರದ್ದು ತಪ್ಪು' ಎಂದುಬಿಟ್ಟರೆ ಮಗು ಕಲಿಯುವುದು ಜಗಳವನ್ನು. ಎರಡಕ್ಕೂ ಆಧಾರವಿದೆ, ನಮ್ಮ ಮನೆಯ ಕ್ರಮ ಇದು ಎಂದರೆ ಕಲಿಯುವುದು ಭಿನ್ನಾಭಿಪ್ರಾಯವನ್ನು ಸಹಿಸುವ ಬಗೆಯನ್ನು.

ತಾಯಿ, ತಂದೆ, ನೆರೆಮನೆ

ಮಾಹಿಮಿನ ದರ್ಗಾದಲ್ಲಿ ಮಲಗಿರುವ ಮಖ್ದೂಮ್ ಅಲೀ ಮಾಹಿಮಿ (1372–1431) ಕುರ್‌ಆನಿಗೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದ ವಿದ್ವಾಂಸರು. ಆದರೆ ಜನ ಅವರನ್ನು ನೆನೆಯುವುದು ಬೇರೊಂದು ಕತೆಯಿಂದ: ರಾತ್ರಿ ತಾಯಿ ನೀರು ಕೇಳಿದರು, ತರುವಷ್ಟರಲ್ಲಿ ನಿದ್ದೆಹೋದರು, ಬಾಲಕ ಲೋಟ ಹಿಡಿದು ಬೆಳಗಿನ ತನಕ ನಿಂತೇ ಇದ್ದ. ಹೀಗೆಂದು ಜನ ಹೇಳುತ್ತಾರೆ. ಯಾರಿಗೆ ಹೆಚ್ಚು ಋಣಿಯಾಗಿರಬೇಕು ಎಂದು ಕೇಳಿದವನಿಗೆ ಪ್ರವಾದಿಯವರು ಮೂರು ಸಲ ತಾಯಿ ಎಂದು, ನಾಲ್ಕನೆಯ ಸಲ ತಂದೆ ಎಂದದ್ದು ಎಲ್ಲರಿಗೂ ಗೊತ್ತು.

ಗೊತ್ತಿರುವುದರಿಂದಲೇ ಒಂದು ಅಪಾಯವೂ ಆಗಿದೆ. ತಾಯಿಗೆ ಮೂರು ಪಾಲು ಗೌರವ ಎಂಬುದನ್ನು ತಾಯಿಗೆ ಮೂರು ಪಾಲು ಕೆಲಸ ಎಂದು ಅಪ್ಪಂದಿರು ಓದಿಕೊಂಡಿದ್ದಾರೆ. ಕುರ್‌ಆನಿನಲ್ಲಿ ಮಕ್ಕಳೊಂದಿಗೆ ಕುಳಿತು ಮಾತಾಡುವವರು ಯಾರು ನೋಡಿ: ಲುಕ್ಮಾನ್, ಇಬ್ರಾಹೀಮ್, ಯಅ್‌ಕೂಬ್, ನೂಹ್. ಬಹುಪಾಲು ತಂದೆಯರೇ. ಯೂಸುಫ್ ಕನಸು ಕಂಡಾಗ ಓಡಿಬಂದು ಹೇಳಿದ್ದು ಅಪ್ಪನ ಹತ್ತಿರ. ಮಗನನ್ನು ಬಲಿ ಕೊಡುವ ಕನಸು ಕಂಡ ಇಬ್ರಾಹೀಮರು ಕೂಡ ಅವನಿಗೆ ಆಜ್ಞೆ ಮಾಡಲಿಲ್ಲ, 'ನಿನ್ನ ಅಭಿಪ್ರಾಯವೇನು, ನೋಡು' ಎಂದು ಕೇಳಿದರು. ಗಲ್ಫ್‌ನಲ್ಲಿರುವ ಅಪ್ಪ, ಹತ್ತರ ಲೋಕಲ್‌ನಲ್ಲಿ ಮರಳುವ ಅಪ್ಪ, ಇಬ್ಬರಿಗೂ ದಿನದಲ್ಲಿ ಹತ್ತು ನಿಮಿಷದ ಫೋನ್ ಸಾಧ್ಯವಿದೆ. ಅದರಲ್ಲಿ ಅರ್ಧವನ್ನು ಅಂಕಪಟ್ಟಿಗೆ ಖರ್ಚು ಮಾಡದಿದ್ದರೆ ಸಾಕು.

ನೆರೆಮನೆಯ ಹಕ್ಕನ್ನು ಮಕ್ಕಳಿಗೆ ಕಲಿಸಲು ಮುಂಬಯಿಯಷ್ಟು ಒಳ್ಳೆಯ ಶಾಲೆ ಇನ್ನೊಂದಿಲ್ಲ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್ ಅವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ಕೇಳಿದ್ದು, 'ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ?' ಎಂದು. ಚಾಳಿನಲ್ಲಿ ಆಚೆಗೆ ಮರಾಠಿ ಆಜಿ, ಈಚೆಗೆ ಉಡುಪಿಯ ಶೆಟ್ಟರು. ಬಕ್ರೀದಿನ ಮಾಂಸ ಅವರಲ್ಲಿ ಯಾರಿಗೆ ಸಲ್ಲುತ್ತದೆ, ಯಾರ ಮನೆಗೆ ಅದರ ಬದಲು ಶೀರ್ ಖುರ್ಮಾ (ಶಾವಿಗೆ ಪಾಯಸ) ಹೋಗಬೇಕು, ಯಾವ ಪಾತ್ರೆಯಲ್ಲಿ ಹೋಗಬೇಕು ಎಂಬ ಸೂಕ್ಷ್ಮ ಮಗುವಿನ ಕೈಯಲ್ಲಿ ಬಟ್ಟಲು ಕೊಟ್ಟು ಕಳಿಸಿದಾಗಲೇ ಬರುವುದು. ಗಣೇಶ ಚೌತಿಯಂದು ಆಜಿ ಮೋದಕ ತಂದರೆ ಏನು ಮಾಡಬೇಕೆಂಬುದರಲ್ಲಿ ಮನೆಮನೆಗೆ ನಿಲುವು ಬೇರೆ. ನಿಮ್ಮ ನಿಲುವು ಏನೇ ಇರಲಿ, ಆಜಿಯ ಮುಖ ಸಣ್ಣದಾಗದಂತೆ ಅದನ್ನು ಹೇಳುವುದು ಹೇಗೆಂದು ಮಗು ನಿಮ್ಮನ್ನು ನೋಡಿಯೇ ಕಲಿಯಬೇಕು.

ಎಲ್ಲಿಗೆ ನಿಲ್ಲಬೇಕು

ಇಷ್ಟೆಲ್ಲ ಮಾಡಿದ ಮೇಲೂ ಮಗು ನಾವೆಣಿಸಿದಂತೆ ಆಗದಿರಬಹುದು. ಪ್ರವಾದಿ ನೂಹ್ ಪ್ರಳಯದ ಹೊತ್ತಿನಲ್ಲಿ ಮಗನನ್ನು ಹಡಗಿಗೆ ಕರೆದರು, ಮಗ ಬೆಟ್ಟ ಹತ್ತಿ ಉಳಿಯುತ್ತೇನೆಂದ, ಅಲೆ ಇಬ್ಬರ ನಡುವೆ ಬಂತು. ಕುರ್‌ಆನ್ ಆ ತಂದೆಯನ್ನು ಸೋತವರೆಂದು ಕರೆದಿಲ್ಲ. ದಾರಿ ತಪ್ಪಿದ ಮಗನ ಅಪ್ಪನನ್ನು ಮಸೀದಿಯ ಮೆಟ್ಟಿಲ ಮೇಲೆ ನಿಂತು ಹಂಗಿಸುವ ಸಮುದಾಯಕ್ಕೆ ಈ ಕತೆಯನ್ನು ಇನ್ನೊಮ್ಮೆ ಓದಿಸಬೇಕು. ಕರೆಯುವುದು ಹೆತ್ತವರ ಪಾಲು, ಹತ್ತಿಸುವುದು ಅವರ ಕೈಯಲ್ಲಿಲ್ಲ. ಧರ್ಮದಲ್ಲಿ ಬಲವಂತವಿಲ್ಲ ಎಂಬ ವಚನ ಮನೆಯ ಹೊಸ್ತಿಲಿನ ಹೊರಗೆ ಮಾತ್ರ ಅನ್ವಯಿಸುವುದೆಂದು ಎಲ್ಲೂ ಬರೆದಿಲ್ಲ.

ಹೆತ್ತವರ ಅಧಿಕಾರದ ಗಡಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮದುವೆಯ ಮಾತಿನಲ್ಲಿ. ಖನ್‌ಸಾ ಬಿಂತ್ ಖಿದಾಮ್ ಎಂಬ ಮಹಿಳೆಯನ್ನು ಅವರ ತಂದೆ ಇಷ್ಟವಿಲ್ಲದಿದ್ದರೂ ಮದುವೆ ಮಾಡಿಕೊಟ್ಟಿದ್ದರು. ಅವರು ಬಂದು ದೂರಿದಾಗ ಪ್ರವಾದಿಯವರು ಆ ವಿವಾಹವನ್ನೇ ರದ್ದುಗೊಳಿಸಿದರು, ಇದು ಬುಖಾರಿಯಲ್ಲಿದೆ. ಮದುವೆಯಾಗದ ಹುಡುಗಿಯ ಅನುಮತಿಯನ್ನೂ ಕೇಳಬೇಕೆಂಬ ಹದೀಸ್ ಬೇರೆಯೇ ಇದೆ. ಶಾಫಿಈ ಕ್ರಮದಲ್ಲಿ ವಲಿಯ (ವಧುವಿನ ಪೋಷಕನ) ಪಾತ್ರ ದೊಡ್ಡದು, ಹನಫಿ ಕ್ರಮದಲ್ಲಿ ಪ್ರಾಯಕ್ಕೆ ಬಂದ ಹೆಣ್ಣಿನ ಸ್ವಾತಂತ್ರ್ಯ ಹೆಚ್ಚು. ಆದರೆ ಮಗಳನ್ನು ಕೇಳುವುದು ಒಳ್ಳೆಯದೆಂಬುದರಲ್ಲಿ ಎರಡೂ ಕಡೆ ಜಗಳವಿಲ್ಲ. ಆದ್ದರಿಂದ ಮಂಗಳೂರಿನಿಂದ ಸಂಬಂಧ ಬಂದಿದೆ, ಹುಡುಗ ಸೌದಿಯ ದಮ್ಮಾಮಿನಲ್ಲಿದ್ದಾನೆ, ರಜೆ ಇಪ್ಪತ್ತೇ ದಿನ ಎಂದು ಅವಸರ ಮಾಡುವವರು ಹಾಲ್ ನೋಡಲು ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ ಮಗಳನ್ನು ಕೇಳಬೇಕು. ಅವಳು ಯೋಚಿಸಲು ಎರಡು ದಿನ ಬೇಕೆಂದರೆ ಎರಡು ದಿನ ಕಾಯಬೇಕು.